ಬೆಚ್ಚಕ್ಕನ ಕಿವಿಗೆ ಹೇಳಿದ ಲೆಕ್ಕ

ನಮ್ಮತ್ತೆಯಂಥ ಪುಕ್ಕಲಿಯನ್ನು ನಾನು ಬೇರೆಲ್ಲೂ ನೋಡಿಲ್ಲ. ಕುಕ್ಕರ್ ಕೂಗಿದರೆ ಅವಳ ಕೈಲಿದ್ದ ಸೌಟು ನೆಲದ ಮೇಲೆ. ಬೀದಿಯಲ್ಲಿ ಯಾರದೋ ಟೈರ್ ಒಡೆದರೆ ಅವಳು ಅಡುಗೆಮನೆಯ ಮೂಲೆಯಲ್ಲಿ. ಯಾರಾದರೂ ಬಾಗಿಲು ತಟ್ಟಿದರೆ ತೆಗೆಯುವ ಧೈರ್ಯ ಹಾಗಿರಲಿ, "ಯಾರು" ಅಂತ ಕೇಳುವ ಧೈರ್ಯವೂ ಇಲ್ಲದೆ ನನ್ನನ್ನು ಮುಂದಕ್ಕೆ ತಳ್ಳಿ ತಾನು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಬಂದವನು ಕಳ್ಳನಾಗಿದ್ದರೆ ಮೊದಲು ನಾನು ಹೋಗಲಿ ಅಂತಲೋ ಏನೋ. ಇಂಥವಳು ಅಷ್ಟೊಂದು ವರ್ಷ ಕೆಲಸ ಮಾಡಿದ್ದು ಎಲ್ಲಿ ಅಂತೀರಿ? ಕಲ್ಲುಕ್ವಾರಿಯಲ್ಲಿ. ಬಂಡೆಗೆ ಮದ್ದಿಟ್ಟು ಸಿಡಿಸುವ ಜಾಗದಲ್ಲಿ.

ಅವಳು ನಮ್ಮಪ್ಪನ ಅಕ್ಕ. ಅಜ್ಜಿ ಬೇಗ ತೀರಿಕೊಂಡಿದ್ದರಿಂದ ಅಪ್ಪನನ್ನು ಕಂಕುಳಲ್ಲಿ ಹೊತ್ತು ಸಾಕಿದವಳು ಇವಳೇ. ಮದುವೆಯಾಯಿತು. ಗಂಡ ಅನ್ನಿಸಿಕೊಂಡವನು ಬೇರೆ ಊರಲ್ಲಿ ಕೆಲಸ ಹುಡುಕಿಕೊಂಡು ಬರ್ತೀನಿ ಅಂತ ಹೋದವನು, ಕೆಲಸವನ್ನೋ ಇನ್ನೊಬ್ಬಳನ್ನೋ ಹುಡುಕಿಕೊಂಡು ಅಲ್ಲೇ ಉಳಿದ. ಅತ್ತೆ ಒಂದು ತಗಡಿನ ಪೆಟ್ಟಿಗೆ ಹಿಡಿದು ನಮ್ಮ ಮನೆಗೆ ಬಂದಳು. ಅಪ್ಪ ಆಗಲೇ ಕ್ವಾರಿಯಲ್ಲಿ ಬಂಡೆಗೆ ಕುಳಿ ಕೊರೆಯುವ ಕೆಲಸದಲ್ಲಿದ್ದ. ಕ್ವಾರಿ ದೂರವಿದ್ದರೂ ಮಧ್ಯಾಹ್ನ ಅಲ್ಲಿ ಸಿಡಿಸಿದಾಗ ನಮ್ಮ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅಮ್ಮನಿಗೆ ಅದು ಒಣಗಿದ ಬಟ್ಟೆ ಒಳಗೆ ತರುವ ಹೊತ್ತು, ಅಷ್ಟೇ. ಅತ್ತೆಗೆ ಮಾತ್ರ ಆ ಸದ್ದು ಕೇಳಿದಾಗಿನಿಂದ ಸಂಜೆ ಅಪ್ಪನ ಸೈಕಲ್ ಬೀದಿಯ ತುದಿಯಲ್ಲಿ ಕಾಣುವವರೆಗೆ ಜೀವ ಬಾಯಿಗೆ ಬಂದು ಕೂತಿರುತ್ತಿತ್ತು. ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ತಾನೂ ಕ್ವಾರಿ ಕೆಲಸಕ್ಕೆ ಬರ್ತೀನಿ ಅಂತ ಕೂತಳು. ಅಮ್ಮ ಬಿದ್ದು ಬಿದ್ದು ನಕ್ಕಳಂತೆ. ಅತ್ತೆ ನಗಲಿಲ್ಲ.

"ಇಲ್ಲಿ ಕೂತು ಸದ್ದು ಕೇಳಿದ್ರೆ ಅವನು ಇದ್ದಾನೋ ಹೋದ್ನೋ ಅಂತ ಸಂಜೆವರೆಗೂ ಸಾಯ್ಬೇಕು. ಅಲ್ಲೇ ಇದ್ರೆ ಆಗ್ಲೇ ಗೊತ್ತಾಗುತ್ತಲ್ಲ" ಅಂದಳು.

ಮೇಸ್ತ್ರಿ ಅವಳ ಕೈಗೆ ಕೆಂಪು ಬಾವುಟ ಕೊಟ್ಟರು. ಕ್ವಾರಿಯ ದಾರಿ ದೊಡ್ಡ ರಸ್ತೆಗೆ ಸೇರುವ ತಿರುವಿನಲ್ಲಿ ನಿಂತು, ಸಿಡಿಸುವ ಹೊತ್ತಿಗೆ ಬರುವ ಗಾಡಿಗಳನ್ನು ತಡೆಯುವುದು ಅವಳ ಕೆಲಸ. ಇಡೀ ಕ್ವಾರಿಯಲ್ಲಿ ಬಂಡೆಯಿಂದ ಎಲ್ಲಕ್ಕಿಂತ ದೂರದ ಜಾಗ ಅದೇ. ಅಲ್ಲೂ ಅವಳು ನೆಟ್ಟಗೆ ನಿಂತವಳಲ್ಲ. ಕಣ್ಣು ಮುಚ್ಚಿಕೊಂಡು, ಬಾವುಟದ ಕೋಲನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಒಂದೊಂದು ಕುಳಿ ಸಿಡಿದಾಗಲೂ ಅಡಿಯಿಂದ ಮುಡಿಯವರೆಗೆ ಬೆಚ್ಚಿ "ಅಯ್ಯೋ" ಅನ್ನುತ್ತಿದ್ದಳು. ತಡೆದು ನಿಲ್ಲಿಸಿದ ಲಾರಿಯವರಿಗೆ ಇದು ಪುಕ್ಕಟೆ ಮನರಂಜನೆ. ಬೆಚ್ಚಕ್ಕ ಅಂತ ಹೆಸರಿಟ್ಟವರು ಅವರೇ. ಆಮೇಲೆ ಕ್ವಾರಿಯವರೂ ಹಾಗೇ ಕರೆದರು, ಕೊನೆಗೆ ನಮ್ಮ ಬೀದಿಯವರೂ.

ಬಂಡೆಯ ಕೆಲಸದಲ್ಲಿ ಇದ್ದವರು ಒಟ್ಟು ಐದು ಜನ. ಹಿರಿಯರು ಮೇಸ್ತ್ರಿ. ಉಳಿದವರಿಗೆಲ್ಲ ಕೆಲಸ ಕಲಿಸಿದವರು ಅವರೇ. ಕುಳಿಗೆ ಮದ್ದು ತುಂಬಿ ಬತ್ತಿ ಹಚ್ಚುವವನು ಒಬ್ಬ. ಅವನನ್ನು ಮದ್ದಿನವ ಅಂತಲೇ ಕರೆಯುತ್ತಿದ್ದರು. ಕಲ್ಲು ಸಾಗಿಸುವ ಟ್ರ್ಯಾಕ್ಟರಿನವನೊಬ್ಬ, ಬಾಯಿಬಡುಕ. ಆಮೇಲೆ ನಮ್ಮಪ್ಪ, ಆಮೇಲೆ ಬೆಚ್ಚಕ್ಕ. ಸಾಮಾನ್ಯವಾಗಿ ಆರು ಕುಳಿ ಹೊಡೆದು, ಆರು ಬತ್ತಿಯನ್ನೂ ಉದ್ದ ಗಿಡ್ಡ ಮಾಡಿ ಕತ್ತರಿಸುತ್ತಿದ್ದರು. ಹಾಗೆ ಮಾಡಿದರೆ ಒಂದಾದ ಮೇಲೊಂದು ಸಿಡಿಯುತ್ತವೆ, ಸದ್ದು ಎಣಿಸಬಹುದು. ಆರು ಸದ್ದು ಕೇಳಿದರೆ ಎಲ್ಲ ಮುಗಿಯಿತು ಅಂತ. ಐದೇ ಕೇಳಿದರೆ ಒಂದು ಕುಳಿಯಲ್ಲಿ ಮದ್ದು ಹಾಗೇ ಕೂತಿದೆ ಅಂತ. ಮರುದಿನ ಬೆಳಗಿನವರೆಗೆ ಯಾರೂ ಹತ್ತಿರ ಸುಳಿಯುವಂತಿಲ್ಲ. ಹೊಗೆ ಇಳಿದ ಮೇಲೆ ಹಾರೆ ಹಿಡಿದು ಮೊದಲು ಒಳಗೆ ಹೋಗಿ, ಸಡಿಲವಾದ ಕಲ್ಲುಗಳನ್ನು ಮೀಟಿ ಕೆಡವುವವನು ನಮ್ಮಪ್ಪ. ಹಾರೆಯ ತುದಿ ಸಿಡಿಯದ ಮದ್ದಿಗೆ ತಗುಲಿದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅತ್ತೆಯ ತಲೆಯಲ್ಲಿ ಇದ್ದದ್ದು ಅದೊಂದೇ.

ಸದ್ದು ನಿಂತ ಮೇಲೆ ಗಂಡಸರು ನಾಲ್ಕೂ ಜನ ಟ್ರ್ಯಾಕ್ಟರಿನ ಮರೆಯಲ್ಲಿ ಸೇರುತ್ತಿದ್ದರು. ಮೇಸ್ತ್ರಿ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡುತ್ತಿದ್ದರು. ಆಮೇಲೆ ಲೆಕ್ಕ ಹೇಳುತ್ತಿದ್ದರು: "ಆರು." ಮದ್ದಿನವ ಹ್ಞೂಂ ಅನ್ನುತ್ತಿದ್ದ, ಟ್ರ್ಯಾಕ್ಟರಿನವ ಹ್ಞೂಂ, ಅಪ್ಪ ಹ್ಞೂಂ. ಅಲ್ಲಿಗೆ ತೀರ್ಮಾನವಾಯಿತು. ಅಪರೂಪಕ್ಕೊಮ್ಮೆ ಯಾರದಾದರೂ ಮುಖದಲ್ಲಿ ಅನುಮಾನವಿದ್ದರೆ ಮೇಸ್ತ್ರಿಯೇ "ಇವತ್ಯಾಕೋ ಐದು ಅನ್ನಿಸ್ತು" ಅನ್ನುತ್ತಿದ್ದರು, ಉಳಿದವರು ಅವರ ಕಿವಿಯನ್ನು ಹೊಗಳುತ್ತಿದ್ದರು. ಅತ್ತೆ ತಿರುವಿನಿಂದ ನಡೆದು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಕಣ್ಣು ಮುಚ್ಚಿ ಅಯ್ಯೋ ಅನ್ನುವವಳ ಲೆಕ್ಕ ಯಾರಿಗೆ ಬೇಕು?

ಆದರೆ ಅವಳ ಹತ್ತಿರವೂ ಒಂದು ಲೆಕ್ಕವಿತ್ತು. ಅವಳು ತನ್ನ ಅಯ್ಯೋಗಳನ್ನು ಎಣಿಸುತ್ತಿದ್ದಳು. ಬೇಕು ಅಂತ ಅಲ್ಲ. ಇನ್ನೆಷ್ಟು ಸಲ ಬೆಚ್ಚಬೇಕು, ಯಾವಾಗ ಮುಗಿಯುತ್ತದೆ ಈ ಗೋಳು ಅಂತ ಎಣಿಸುತ್ತಿದ್ದಳು. ಒಂದು ದಿನ ಐದು ಸಲ ಬೆಚ್ಚಿದಳು, ಆರನೆಯದಕ್ಕೆ ಮೈ ಬಿಗಿಹಿಡಿದು ಕಾದಳು, ಅದು ಬರಲೇ ಇಲ್ಲ. ಬಾವುಟ ಸುತ್ತಿಕೊಳ್ಳುವುದನ್ನೂ ಮರೆತು ಓಡಿಕೊಂಡು ಬಂದಳು. ಮೇಸ್ತ್ರಿ ಆರು ಅಂದಾಗಿತ್ತು, ಮೂರು ಹ್ಞೂಂಗಳೂ ಬಿದ್ದಾಗಿತ್ತು, ಅಪ್ಪ ಹಾರೆ ಹೆಗಲಿಗೇರಿಸಿದ್ದ. ಅತ್ತೆ ಹಾರೆಯ ಹಿಂದಿನ ತುದಿಯನ್ನು ಹಿಡಿದು ನೇತಾಡಿದಳು. ಬಿಡು ಅಂತ ಅಪ್ಪ ಗದರಿದ. ಐದೇ ಐದೇ ಅಂತ ಅವಳು ಅಳತೊಡಗಿದಳು. ಟ್ರ್ಯಾಕ್ಟರಿನವನಿಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿ ಮಾತ್ರ ಅವಳ ಮುಖವನ್ನು ನೋಡಿದರು, ಉಳಿದವರ ಮುಖವನ್ನು ನೋಡಿದರು, ಯಾಕೋ ಗಲಿಬಿಲಿಗೊಂಡವರಂತೆ ಕಂಡರು. ಆಮೇಲೆ ಇವತ್ತು ಬೇಡ, ನಾಳೆ ನೋಡೋಣ ಅಂದರು. ಕಲ್ಲು ಹೋಗದ ದಿನ ಕೂಲಿಯಿಲ್ಲ. ಐದು ಜನರ ಅವತ್ತಿನ ಕೂಲಿ ಅತ್ತೆಯ ಅಳುವಿಗೆ ಹೋಯಿತು.

ಮರುದಿನ ಬೆಳಿಗ್ಗೆ ಮದ್ದಿನವ ಹೋಗಿ ನೋಡಿದರೆ ಆರೂ ಕುಳಿ ಸಿಡಿದಿದ್ದವು. ಎರಡು ಬತ್ತಿ ಒಟ್ಟಿಗೇ ತುದಿ ಮುಟ್ಟಿ ಒಂದೇ ಸದ್ದು ಆಗಿತ್ತು, ಅತ್ತೆ ಎರಡಕ್ಕೆ ಸೇರಿಸಿ ಒಂದೇ ಸಲ ಬೆಚ್ಚಿದ್ದಳು.

ಅದಾದ ಮೇಲೆ ಅವಳ ಪಾಡು ಕೇಳಬೇಡಿ. ಟ್ರ್ಯಾಕ್ಟರಿನವ ಅವಳನ್ನು ಕಂಡಲ್ಲೆಲ್ಲ ಹಿಂದಿನಿಂದ ಬಂದು ಹಾರ್ನ್ ಹೊಡೆದು, "ಒಂದಾ ಎರಡಾ ಬೆಚ್ಚಕ್ಕ?" ಅಂತ ಕೇಳುತ್ತಿದ್ದ. ಮನೆಯಲ್ಲಿ ಅಮ್ಮ ಮಾತಿನ ಬದಲು ಪಾತ್ರೆಗಳಿಂದ ಸದ್ದು ಮಾಡಿದಳು. ಅಪ್ಪ ಊಟಕ್ಕೆ ಕೂತವನು ತಲೆಯೆತ್ತದೆ ಹೇಳಿದ, "ಅಕ್ಕಾ, ನಾಲ್ಕು ಜನ ಗಂಡಸರು ಸೇರಿ ತೀರ್ಮಾನ ಮಾಡಿದ್ಮೇಲೆ ನೀನು ಮಧ್ಯೆ ಬಾಯಿ ಹಾಕ್ಬೇಡ. ನಂಗೆ ತಲೆ ಎತ್ತಿ ಓಡಾಡಕ್ಕಾಗ್ತಿಲ್ಲ." ಅತ್ತೆ ಆಯಿತು ಅಂದಳು. ಅವಳು ಯಾವತ್ತೂ ಯಾರಿಗೂ ಇಲ್ಲ ಅಂದವಳಲ್ಲ.

ಮೊದಲು ಅವಳಿಗೆ ಒಂದೇ ಹೆದರಿಕೆಯಿತ್ತು, ಈಗ ಎರಡಾಯಿತು. ಹೇಳಿದರೆ ತಪ್ಪಾಗುತ್ತದೆ ಅನ್ನುವುದೊಂದು, ಹೇಳದಿದ್ದರೆ ತಮ್ಮ ಹೋಗುತ್ತಾನೆ ಅನ್ನುವುದೊಂದು. ಆ ದಿನಗಳಲ್ಲಿ ಅವಳು ಸೊರಗಿ ಕಡ್ಡಿಯಾದಳು. ಆರು ಸಲ ಬೆಚ್ಚಿದ ದಿನ ಖುಷಿಯಿಂದ ಅಲ್ಲೇ ರಸ್ತೆಯ ಬದಿಯಲ್ಲಿ ಕುಸಿದು ಕೂರುತ್ತಿದ್ದಳು. ಬೆಚ್ಚಿದ್ದಕ್ಕೆ ಖುಷಿಪಡುವ ಹೆಂಗಸನ್ನು ಲಾರಿಯವರು ಬೇರೆಲ್ಲಿ ನೋಡಿರಬೇಕು?

ಒಂದು ಮಧ್ಯಾಹ್ನ ಮತ್ತೆ ಐದಕ್ಕೇ ನಿಂತಿತು. ಅವಳು ಕಣ್ಣು ತೆರೆಯದೆ ಕಾದಳು. ತಡೆದಿದ್ದ ಲಾರಿಗಳು ಗೊಣಗಿ ಗೊಣಗಿ ಹೊರಟುಹೋದವು. ಇನ್ನೊಂದು ಬರಲಿಲ್ಲ. ಹೋದ ಸಲದ ಹಾಗೆ ಎರಡು ಸೇರಿ ಒಂದಾಗಿರಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಕಾಲು ಮಾತ್ರ ಟ್ರ್ಯಾಕ್ಟರಿನ ಕಡೆಗೆ ನಡೆಯುತ್ತಿತ್ತು. ಬಾಯಿ ಹಾಕುವುದಿಲ್ಲ ಅಂತ ಮಾತು ಕೊಟ್ಟಾಗಿದೆ. ಈ ಸಲವೂ ತಪ್ಪಾದರೆ ಕೆಲಸವೂ ಹೋಗುತ್ತದೆ, ತಮ್ಮನ ಮನೆಯಲ್ಲಿ ಮುಖವೂ ಉಳಿಯುವುದಿಲ್ಲ. ಹತ್ತಿರ ಬಂದಾಗ ಮೇಸ್ತ್ರಿಯ "ಆರು" ಕೇಳಿಸಿತು, ಹ್ಞೂಂಗಳು ಕೇಳಿಸಿದವು, ಅಪ್ಪ ಹಾರೆಗೆ ಕೈ ಹಾಕಿದ್ದು ಕಂಡಿತು.

ಐದು ಅನ್ನುವ ಧೈರ್ಯ ಬರಲಿಲ್ಲ. ಪುಕ್ಕಲರಿಗೆ ಎದುರು ನಿಂತು ಜಗಳವಾಡಲು ಬರುವುದಿಲ್ಲ, ಪಕ್ಕದಿಂದ ನುಸುಳಲು ಬರುತ್ತದೆ. ಅವಳು ನಗುವಂತೆ ಮುಖ ಮಾಡಿಕೊಂಡು ಹೇಳಿದಳು, "ನಾನೇನೂ ಹೇಳಲ್ಲಪ್ಪ. ನಂಗೆ ಎಣಿಸಕ್ಕೆ ಬರಲ್ಲ ಅಂತ ನಿಮಗೆಲ್ಲ ಗೊತ್ತು. ನೀವೇ ಹೇಳಿ. ಆದ್ರೆ ಒಬ್ಬೊಬ್ರೇ ಬಂದು ನನ್ನ ಕಿವೀಲಿ ಹೇಳಿ. ಒಬ್ರು ಹೇಳಿದ್ದು ಇನ್ನೊಬ್ರಿಗೆ ಕೇಳಿಸ್ಬಾರ್ದು. ಈ ಪುಕ್ಕಲಿಗೆ ಸಮಾಧಾನ ಆಗ್ಲಿ ಅಂತ ಇಷ್ಟು ಮಾಡಿ."

ಅಪ್ಪ ಹುಬ್ಬು ಗಂಟಿಕ್ಕಿದ. ಆದರೆ ಟ್ರ್ಯಾಕ್ಟರಿನವನಿಗೆ ಇದು ಒಳ್ಳೆಯ ತಮಾಷೆಯಾಗಿ ಕಂಡು, ತಾನೇ ಮೊದಲು ಬಂದು ಅತ್ತೆಯ ಕಿವಿಗೆ ಬಾಯಿಟ್ಟ. ಆರು ಅಂದ. ನಿಂಗೆ ಆರೂ ಕೇಳಿಸ್ತಾ ಅಂತ ಅವಳು ಮೆಲ್ಲಗೆ ಕೇಳಿದಳು. ಅವನು ಸ್ವಲ್ಪ ತಡೆದು, ಆರು ಬತ್ತಿ ಹಚ್ಚಿದ್ರೆ ಆರೇ ತಾನೇ ಆಗ್ಬೇಕು, ನಾನು ಸೀಟಿನ ಕೆಳಗೆ ತಲೆ ಇಟ್ಕೊಂಡಿದ್ದೆ, ಯಾರಿಗೂ ಹೇಳ್ಬೇಡ ಅಂದ.

ಮದ್ದಿನವ ಬಂದ. ಬತ್ತಿ ಹಚ್ಚಿ ಓಡಿ ಬರುವಾಗ ತನಗೆ ತನ್ನ ಎದೆಬಡಿತ ಬಿಟ್ಟು ಬೇರೇನೂ ಕೇಳುವುದಿಲ್ಲ ಅಂತ ಪಿಸುಗುಟ್ಟಿದ. ಕೊನೆಯ ಎರಡೋ ಮೂರೋ ಕೇಳಿಸಿದವಂತೆ, ಮೇಸ್ತ್ರಿ ಆರು ಅಂದರಲ್ಲ ಅಂತ ಹ್ಞೂಂ ಅಂದನಂತೆ.

ಆಮೇಲೆ ಅಪ್ಪ. ಸಿಟ್ಟಿನಲ್ಲೇ ಬಗ್ಗಿದ.

"ನಾನು ಎಣಿಸಲ್ಲ ಅಕ್ಕ" ಅಂದ. "ಯಾವತ್ತೂ ಎಣಿಸಿಲ್ಲ. ಮೇಸ್ತ್ರಿ ಎಣಿಸ್ತಾರಲ್ಲ."

ಇಷ್ಟು ಹೇಳಿ ಅವನು ನೆಟ್ಟಗಾದ. ಒಳಗೆ ಹೋಗುವವನೇ ಎಣಿಸುವುದಿಲ್ಲ! ಅತ್ತೆ ಅವನ ಕೆನ್ನೆಗೆ ಒಂದು ಬಿಡಬೇಕು ಅಂದುಕೊಂಡಳಂತೆ, ಕೈ ಮೇಲೇಳಲಿಲ್ಲವಂತೆ. ಇನ್ನು ಉಳಿದವರು ಮೇಸ್ತ್ರಿ ಒಬ್ಬರೇ. ಅವರು ಆರು ಅಂತ ಗಟ್ಟಿಯಾಗಿ ಹೇಳಿಬಿಟ್ಟರೆ ಆರೇ ಆಗಲಿ, ನನ್ನ ಐದು ಹಾಳಾಗಿ ಹೋಗಲಿ, ಒಬ್ಬರಾದರೂ ನಿಜವಾಗಿ ಕೇಳಿಸಿಕೊಂಡಿದ್ದರೆ ಸಾಕು ಅಂತ ಅವಳು ಬೇಡಿಕೊಂಡಳು. ಮೇಸ್ತ್ರಿ ನಿಧಾನವಾಗಿ ಹತ್ತಿರ ಬಂದರು. ಉಳಿದ ಮೂವರಿಗೆ ಬೆನ್ನು ಮಾಡಿ ನಿಂತು, ಅತ್ತೆಯ ಕಿವಿಗೆ ಬಗ್ಗಿದರು.

"ಅವ್ರೆಲ್ಲ ಎಷ್ಟು ಅಂದ್ರು ತಾಯಿ?"

ಅತ್ತೆ ಕಣ್ಣು ಕಣ್ಣು ಬಿಟ್ಟಳು. ಅವರು ಮತ್ತೆ ಬಗ್ಗಿದರು. "ನಂಗೆ ಕೇಳಿಸಲ್ಲ. ತುಂಬಾ ದಿನ ಆಯ್ತು. ಕಾಲಿಗೆ ನಡುಗಿದ್ದು ಗೊತ್ತಾಗುತ್ತೆ, ಕಿವೀಲಿ ಬರೀ ಗುಂಯ್ ಅಂತ ಇರುತ್ತೆ. ಮೂರೋ ಹತ್ತೋ ಗೊತ್ತಾಗಲ್ಲ. ಇವ್ರ ಮುಖ ನೋಡಿ ಹೇಳ್ತೀನಿ. ಇವ್ರೆಲ್ಲ ಎಣಿಸ್ತಾರಲ್ಲ."

ಕ್ವಾರಿಯಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಅವರ ಕಿವಿ ಹೋದದ್ದು ಯಾರಿಗೂ ಗೊತ್ತೇ ಆಗಿರಲಿಲ್ಲ. ಅವರು ಇವರ ಮುಖ ನೋಡಿ ಲೆಕ್ಕ ಹೇಳುತ್ತಿದ್ದರು, ಇವರು ಅವರ ಲೆಕ್ಕ ಕೇಳಿ ಹ್ಞೂಂ ಅನ್ನುತ್ತಿದ್ದರು. ಅಷ್ಟು ದಿನವೂ ಅಪ್ಪ ಹಾರೆ ಹಿಡಿದು ಒಳಗೆ ನಡೆದದ್ದು ಯಾರೂ ಎಣಿಸದ ಲೆಕ್ಕದ ಮೇಲೆ. ಅತ್ತೆ ನನಗೆ ಇದನ್ನು ಹೇಳುವಾಗ, ಆವತ್ತಿನ ಹೆದರಿಕೆಯ ಮುಂದೆ ಅಲ್ಲಿವರೆಗಿನ ಹೆದರಿಕೆಗಳೆಲ್ಲ ಮಕ್ಕಳಾಟ ಅಂದಿದ್ದಳು. ಕೂಗಿಕೊಳ್ಳೋಣ ಅನ್ನಿಸಿತಂತೆ. ಕೂಗಿದರೆ ಮೇಸ್ತ್ರಿಯ ಕೆಲಸ ಹೋಗುತ್ತದೆ, ಆ ವಯಸ್ಸಿನಲ್ಲಿ ಆ ಕಿವಿಯ ಮನುಷ್ಯನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ನಾನೊಬ್ಬಳೇ ಎಣಿಸಿದ್ದು, ಐದು ಅಂದರೆ ಮತ್ತೆ ಹಾರ್ನ್ ಹೊಡೆದು ನಗುತ್ತಾರೆ, ತಮ್ಮ ಆ ನಗುವಿಗೆ ಹೆದರಿ ಒಳಗೆ ಹೋಗೇ ಹೋಗುತ್ತಾನೆ. ನಾಲ್ಕೂ ಜನ ಅವಳ ಮುಖವನ್ನೇ ನೋಡುತ್ತಿದ್ದರು.

"ಎಲ್ಲರೂ ಐದೇ ಅಂದ್ರು" ಅಂತ ನಾಲ್ವರಿಗೂ ಕೇಳುವ ಹಾಗೆ ಕೂಗಿ ಹೇಳಿದಳು.

ನಾಲ್ಕೂ ಮುಖದ ಬಣ್ಣ ಇಳಿದುಹೋಯಿತಂತೆ. ಒಬ್ಬರೂ ಅಲ್ಲ ಅನ್ನಲಿಲ್ಲ. ಹೇಗೆ ಅಂದಾರು? ಮಿಕ್ಕವರೆಲ್ಲ ಎಣಿಸಿ ಐದು ಅಂದಿದ್ದಾರೆ, ನಾನೊಬ್ಬನೇ ಕೇಳಿಸಿಕೊಳ್ಳದವನು ಅಂತ ಒಬ್ಬೊಬ್ಬರಿಗೂ ಒಳಗೊಳಗೇ ನಡುಕ. ಟ್ರ್ಯಾಕ್ಟರಿನವನ ಹಲ್ಲು ಒಳಗೆ ಹೋಗಿತ್ತು. ಅಪ್ಪ ಹಾರೆಯನ್ನು ಸದ್ದಾಗದ ಹಾಗೆ ನೆಲಕ್ಕೆ ಇಟ್ಟ. ಮೇಸ್ತ್ರಿಯೇ ಮೊದಲು ಸುಧಾರಿಸಿಕೊಂಡು, ಹಾಗಾದ್ರೆ ಇವತ್ತು ಯಾರೂ ಒಳಗೆ ಹೋಗೋದು ಬೇಡ ಅಂದರು. ಕೂಲಿಯ ಮಾತು ಯಾರೂ ಎತ್ತಲಿಲ್ಲ.

ಆ ಸಂಜೆ ಮನೆಯಲ್ಲಿ ಅತ್ತೆ ಊಟ ಮುಟ್ಟಲಿಲ್ಲ. ಮರುದಿನ ಆರೂ ಸಿಡಿದಿದ್ದರೆ ಎಲ್ಲರೂ ಸೇರಿ ಕೇಳುತ್ತಾರೆ: ಐದು ಅಂದವರು ಯಾರು? ಒಬ್ಬೊಬ್ಬರೇ ನಾನಲ್ಲ, ನಾನಲ್ಲ ಅನ್ನುತ್ತಾರೆ. ಅಲ್ಲಿಗೆ ತನ್ನ ಸುಳ್ಳು ಬೀದಿಗೆ ಬೀಳುತ್ತದೆ. ಕುಳಿಯಲ್ಲಿ ಮದ್ದು ಉಳಿದಿರಲಿ ಅಂತ ಬೇಡಿಕೊಳ್ಳಬೇಕೋ, ಉಳಿದಿರದಿರಲಿ ಅಂತ ಬೇಡಿಕೊಳ್ಳಬೇಕೋ ಅವಳಿಗೇ ತಿಳಿಯಲಿಲ್ಲ.

ಬೆಳಿಗ್ಗೆ ಮದ್ದಿನವ ಬಗ್ಗಿ ಬಗ್ಗಿ ಹೋದ. ಹೋದವನು ತುಂಬ ಹೊತ್ತು ಏಳಲೇ ಇಲ್ಲ. ಆಮೇಲೆ ಅಲ್ಲಿಂದಲೇ, ಬಂಡೆಗೆ ಕೇಳಿಸಬಾರದು ಅನ್ನುವ ಹಾಗೆ, ಕೈ ಬೀಸಿ ಎಲ್ಲರನ್ನೂ ಹಿಂದಕ್ಕೆ ಕಳಿಸಿದ. ಎಡಗಡೆಯ ಕೆಳಮೂಲೆಯ ಕುಳಿಯಲ್ಲಿ ಬತ್ತಿ ಅರ್ಧ ಉರಿದು ಆರಿಹೋಗಿತ್ತು, ಮದ್ದು ತುಂಬಿದ್ದು ತುಂಬಿದ ಹಾಗೇ ಇತ್ತು, ಅದರ ಮೇಲೆ ಪುಡಿಗಲ್ಲು ಮುಚ್ಚಿಕೊಂಡಿತ್ತು. ಅಪ್ಪ ದಿನಾ ಹಾರೆ ಹಾಕಲು ಶುರು ಮಾಡುತ್ತಿದ್ದದ್ದು ಎಡಗಡೆಯ ಕೆಳಮೂಲೆಯಿಂದಲೇ. ಪಕ್ಕದಲ್ಲಿ, ಸಾಕಷ್ಟು ದೂರ ಬಿಟ್ಟು ಇನ್ನೊಂದು ಕುಳಿ ಹೊಡೆದು, ಅದರ ಜೊತೆಗೆ ಇದನ್ನೂ ಸಿಡಿಸಿದರು. ಅದನ್ನು ಕೊರೆಯುವಾಗ ಅಪ್ಪನ ಕೈ ನಡುಗುತ್ತಿದ್ದದ್ದನ್ನು ನೋಡಿ ಮೇಸ್ತ್ರಿ ತಾವೇ ಇಸಿದುಕೊಂಡು ಕೊರೆದರಂತೆ.

ಅಂದಿನಿಂದ ಅದೇ ಪದ್ಧತಿಯಾಯಿತು. ಸದ್ದು ನಿಂತ ಮೇಲೆ ಎಲ್ಲರೂ ಬೆಚ್ಚಕ್ಕ ತಿರುವಿನಿಂದ ಬರುವವರೆಗೆ ತುಟಿಬಿಚ್ಚದೆ ಕಾಯುವುದು, ಒಬ್ಬೊಬ್ಬರೇ ಅವಳ ಕಿವಿಗೆ ಹೇಳುವುದು, ಒಬ್ಬರದು ಬೇರೆಯಾದರೂ ಒಳಗೆ ಹೋಗದಿರುವುದು. ಮಿಕ್ಕವರ ಮುಂದೆ ಮತ್ತೆ ನಾಚಿಕೆಪಡಬಾರದು ಅಂತ ಮೂವರೂ ಅವತ್ತಿನಿಂದ ಬೆರಳು ಮಡಚಿ ನಿಜವಾಗಿ ಎಣಿಸತೊಡಗಿದರು. ಮೇಸ್ತ್ರಿ ಕೊನೆಯಲ್ಲಿ ಬಂದು ಪ್ರತಿಸಲವೂ ಅದನ್ನೇ ಕೇಳುತ್ತಿದ್ದರು, ಅತ್ತೆ ಬಾವುಟದ ಮರೆಯಲ್ಲಿ ಅವರ ಅಂಗೈ ಮೇಲೆ ಬೆರಳಿನಿಂದ ಅಷ್ಟು ಸಲ ಒತ್ತುತ್ತಿದ್ದಳು. ಅವರು ತಿರುಗಿ ನಿಂತು ಲೆಕ್ಕ ಹೇಳುತ್ತಿದ್ದರು. ಮೇಸ್ತ್ರಿ ತೀರಿಕೊಂಡ ಮೇಲೇ ಅವಳು ಇದನ್ನು ನನಗೆ ಹೇಳಿದ್ದು, ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡು.

ಆಣೆಯನ್ನು ನಾನು ಬಹಳ ದಿನ ಕಾಪಾಡಿದೆ. ಆದರೆ ಅಪ್ಪನಿಗೆ ವಯಸ್ಸಾದ ಮೇಲೆ ಈ ಕತೆ ಒಂದು ಚಟವಾಯಿತು. ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ: ಅವತ್ತು ನಾನೊಬ್ಬ ಎಣಿಸಿರಲಿಲ್ಲ, ಆದ್ರೆ ಆ ಮೂರು ಜನರ ಕಿವಿ ಅಂದ್ರೆ ಕಿವಿ, ಮೂವರೂ ಐದು ಅಂದ್ರು, ಅದಕ್ಕೇ ಬದುಕಿದ್ದೀನಿ. ಕೊನೆಗೆ ನಕ್ಕು, ನಮ್ಮಕ್ಕನೂ ಅಲ್ಲೇ ಇದ್ಳು, ನಡುಗ್ತಾ ನಿಂತಿದ್ಳು ಅಂತ ಸೇರಿಸುತ್ತಿದ್ದ. ಒಂದು ಮಧ್ಯಾಹ್ನ ನೆಂಟರೊಬ್ಬರಿಗೆ ಹೀಗೇ ಹೇಳಿ ಕಳಿಸಿ ಬಂದು ಕೂತಾಗ ನನಗೆ ರೇಗಿಹೋಯಿತು. ಎಲ್ಲವನ್ನೂ ಹೇಳಿಬಿಟ್ಟೆ. ಸೀಟಿನ ಕೆಳಗೆ ತಲೆಯಿಟ್ಟವನನ್ನು, ಎದೆಬಡಿತ ಬಿಟ್ಟು ಬೇರೆ ಕೇಳದವನನ್ನು, ಮೇಸ್ತ್ರಿಯ ಕಿವಿಯನ್ನು.

ಅಪ್ಪ ಕೊನೆಯವರೆಗೂ ಕೇಳಿದ.

"ಹಾಗಾದ್ರೆ ಐದು ಅಂತ ಅಂದೋರು ಯಾರು?"

"ಯಾರೂ ಅನ್ನಲಿಲ್ಲ ಅಪ್ಪ."

ಅವನು ತನ್ನ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಾ ಕೂತ. ಇಷ್ಟು ವರ್ಷವಾದ ಮೇಲೆ, ಮನೆಯೊಳಗೆ ಕುರ್ಚಿಯ ಮೇಲೆ ಕೂತು, ನಮ್ಮಪ್ಪ ಹೆದರಿದ್ದನ್ನು ನಾನು ಮೊದಲ ಸಲ ನೋಡಿದೆ. ಆಮೇಲೆ ಗೋಡೆ ಹಿಡಿದು ಎದ್ದು ಒಳಗಿನ ಕೋಣೆಗೆ ಹೋದ. ಅಲ್ಲಿ ಅತ್ತೆ ಊಟ ಮಾಡಿ ಮಲಗಿದ್ದಳು. ಮಂಚದ ಅಂಚಿನಲ್ಲಿ ಅವನು ಕೂತದ್ದಕ್ಕೆ ಬೆಚ್ಚಿ ಎದ್ದು, ಯಾರು, ಏನಾಯ್ತು ಅಂತ ಗಾಬರಿಯಿಂದ ಕೇಳಿದಳು.

"ನಾನೇ ಅಕ್ಕ" ಅಂದ ಅಪ್ಪ. "ಇಲ್ಲೇ ಇದ್ದೀನಿ. ಮಲಗು."